ಬಿಳ್ಯಾನ ಮೈಮೇಲಿನ ಕಿಟಕಿಗಳು

ಮೊನ್ನೆ ಭಾನುವಾರ ಮಧ್ಯಾಹ್ನ ನನ್ನ ಮೂರನೇ ಬೋಗಿಯ ಹಳೆಯ ಬಣ್ಣ ಹೆರೆಯುತ್ತ ಪಡಸಾಲೆಯಲ್ಲಿ ಕೂತಿದ್ದೆ. ಬೋಗಿ ಎಂದ ಕೂಡಲೇ ನನ್ನನ್ನು ರೈಲ್ವೆ ನೌಕರ ಎಂದುಕೊಳ್ಳಬೇಡಿ. ನನ್ನ ಬೋಗಿ ಒಂದು ಗೇಣು ಉದ್ದ, ನಾಲ್ಕು ಬೆರಳು ಎತ್ತರ. ಮೈ ರಟ್ಟಿನದು, ಗಾಲಿ ಅಂಗಿಯ ಗುಂಡಿಯವು. ಮೇಲಿನ ಕೆಂಪು-ಬೂದು ಪದರ ಎದ್ದು ಕೆಳಗಿನ ಇಟ್ಟಿಗೆ ಬಣ್ಣ ಕಾಣುವ ಹೊತ್ತಿಗೆ, ಏಳನೇ ಕಿಟಕಿಯ ಕೆಳಗೆ ಏನೋ ಬ್ಲೇಡಿಗೆ ತೊಡಕಿತು. ಭೂತಗನ್ನಡಿ ಹಿಡಿದು ನೋಡಿದೆ. ಕೂದಲು. ಬಿಳಿಯದು, ಗಿಡ್ಡನೆಯದು, ಬಣ್ಣದೊಳಗೆ ಮುಳುಗಿ ಒಣಗಿ ಕೂತಿತ್ತು. ನನ್ನದಿರಬಹುದೆಂದು ತಲೆ ಮುಟ್ಟಿಕೊಂಡೆ. ಅಲ್ಲಿ ಉದುರಲು ಏನೂ ಉಳಿದಿಲ್ಲವೆಂಬುದು ನೆನಪಾಯಿತು. ಹೆಂಡತಿ ಶಾಂತಾಳನ್ನು ಕರೆದು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ಒಂದೇ ನೋಟಕ್ಕೆ ಹೇಳಿದಳು:

“ಇದು ನಮ್ಮಪ್ಪನ ಬಿಳ್ಯಾಂದು.”

ಬಿಳ್ಯಾ ಎಂದರೆ ಬಳಿಚಕ್ರ ಎಂಬ ಹಳ್ಳಿಯಲ್ಲಿರುವ ನನ್ನ ಮಾವನ ಎತ್ತು. ಎತ್ತಿನ ಕೂದಲು ರೈಲಿನ ಬೋಗಿಗೆ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತು ಹಾಕಿ. ನಾನು ಬಸ್ ನಿಲ್ದಾಣದ ಮನುಷ್ಯ. ದಾರಿಯಲ್ಲಿ ಕೈ ಮಾಡಿದ ಎಲ್ಲರನ್ನೂ ಹತ್ತಿಸಿಕೊಂಡೇ ಹೋಗಿ ಅಭ್ಯಾಸ.

ಹೌದು, ಹೊಟ್ಟೆಪಾಡಿಗೆ ನಾನು ಶಹಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಹಗಲೆಲ್ಲ ಕಿಟಕಿಯ ಹಿಂದೆ ಕೂತು, ಸುರಪುರದ ಗಾಡಿ ಯಾವ ಅಂಕಣಕ್ಕೆ ಬರುತ್ತದೆ, ಯಾದಗಿರಿಯ ಗಾಡಿ ಯಾಕೆ ಬಂದಿಲ್ಲ ಎಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ರೈಲು ಕಟ್ಟುತ್ತೇನೆ. ಇದು ನಮ್ಮ ಡ್ರೈವರುಗಳಿಗೆ ಸರಿಬರುವುದಿಲ್ಲ. ಬಸ್ಸಿನ ಅನ್ನ ಉಂಡು ರೈಲಿನ ಧ್ಯಾನ ಮಾಡುವವನು ಎಂದು ಮುಖದ ಮೇಲೇ ಅನ್ನುತ್ತಾರೆ. ಒಂದು ಬಸ್ಸಾದರೂ ಕಟ್ಟಬಾರದೇ ಎಂದು ಒಬ್ಬ ಕೇಳಿದ್ದ. ದಿನಕ್ಕೆ ನೂರು ಬಸ್ಸು ಕಣ್ಣಿಗೆ ಬೀಳುವವನಿಗೆ ನೂರಾ ಒಂದನೆಯದು ಕಟ್ಟುವ ಆಸೆ ಎಲ್ಲಿಂದ ಬರಬೇಕು ಹೇಳಿ. ಶಹಾಪುರಕ್ಕೆ ರೈಲಿಲ್ಲ, ನಾನು ಹುಟ್ಟಿ ಬೆಳೆದ ಸುರಪುರಕ್ಕೂ ಇಲ್ಲ. ರೈಲು ಇರುವುದು ಯಾದಗಿರಿಯಲ್ಲಿ, ಅಲ್ಲಿಯವರಿಗೆ ಅದು ನಿದ್ದೆಗೆಡಿಸುವ ಸದ್ದು, ಅಷ್ಟೇ.

ನಾನು ಮೊದಲ ಸಲ ರೈಲು ನೋಡಿದ್ದು ಎಂಟನೇ ವಯಸ್ಸಿನಲ್ಲಿ. ಸೊಲ್ಲಾಪುರದಿಂದ ಬರುವ ಸೋದರತ್ತೆಯನ್ನು ಕರೆತರಲು ಅಪ್ಪ ಯಾದಗಿರಿಗೆ ಹೊರಟಾಗ ಹಟ ಮಾಡಿ ಬೆನ್ನುಹತ್ತಿದ್ದೆ. ಗಾಡಿ ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ, ಡ್ರೈವರ್ ಎಲ್ಲಿ ಇಳಿದು ಚಹಾ ಕುಡಿಯುತ್ತಾನೆ ಎಂದು ಅಪ್ಪನ ಜೀವ ತಿಂದೆ. ಅಪ್ಪ ಬೇಸತ್ತು, ಗಾಡಿ ಬಂದ ಕೂಡಲೇ ಅದರ ಕಿಟಕಿ ಎಣಿಸು, ಒಂದೂ ತಪ್ಪಬಾರದು, ಅಲ್ಲಿಯವರೆಗೆ ಬಾಯಿ ತೆರೆಯಬೇಡ ಎಂದು ಕೂರಿಸಿದರು. ಇಟ್ಟಿಗೆ ಬಣ್ಣದ ಗಾಡಿ ಬಂತು. ನಾನು ಎಣಿಸತೊಡಗಿದೆ. ಮೊದಲ ಬೋಗಿಯದೇ ಒಂದು, ಎರಡು ಎಂದು ಬೆರಳು ಮಡಚುತ್ತಿರುವಷ್ಟರಲ್ಲಿ ಅತ್ತೆ ಬಂದು ನನ್ನನ್ನು ಎತ್ತಿಕೊಂಡು ಲೊಚಲೊಚನೆ ಮುತ್ತು ಕೊಟ್ಟು ಎಣಿಕೆ ಕೆಡಿಸಿಬಿಟ್ಟಳು. ಅಷ್ಟರಲ್ಲಿ ಗಾಡಿ ತಾನಾಗಿ ಹೊರಟಿತು. ಯಾರೂ ಬಾಗಿಲು ಬಡಿದು ‘ರೈಟ್’ ಅನ್ನಲಿಲ್ಲ. ಹಾಗೆ ಹೇಗೆ ಹೋಗುತ್ತದೆ ಎಂದು ಗಾಬರಿಯಾಗಿ ನಾನೇ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಜೋರಾಗಿ ‘ರೈಟ್’ ಎಂದು ಕೂಗಿದೆ. ಗಾಡಿ ಹೋಯಿತು. ನಾನು ಕಳಿಸಿದ ಮೊದಲ ಗಾಡಿ ಅದು. ಆ ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಂದಿನಿಂದ ಸುರಪುರದ ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಉಳಿಯಲಿಲ್ಲ. ಕಡ್ಡಿಗಳನ್ನು ಬಟ್ಟಲಿಗೆ ಸುರಿದು ಪೆಟ್ಟಿಗೆ ಒಯ್ದು ದಾರದಲ್ಲಿ ಪೋಣಿಸಿ ಗಾಡಿ ಮಾಡುತ್ತಿದ್ದೆ. ಅವ್ವ ಒಲೆ ಹೊತ್ತಿಸಲು ಹೋದರೆ ಬಟ್ಟಲ ತುಂಬ ಕಡ್ಡಿ, ಗೀರಲು ಪೆಟ್ಟಿಗೆ ಇಲ್ಲ. ಅಪ್ಪನ ಅಂಗಿಗಳ ಗುಂಡಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಮಾಯವಾಗಿ, ಅವರು ಕಚೇರಿಗೆ ಎದೆಯ ಮೇಲೆ ಟವೆಲ್ ಹೊದ್ದು ಹೋಗುತ್ತಿದ್ದರು. ಜನ ಅದನ್ನು ಗಾಂಭೀರ್ಯ ಎಂದುಕೊಂಡರು.

ಈಗ ನನ್ನ ಕೆಲಸ ಅಷ್ಟು ಕಚ್ಚಾ ಇಲ್ಲ. ರಟ್ಟನ್ನು ಎರಡು ಪದರ ಅಂಟಿಸಿ, ಭಾರ ಹೇರಿ ಒಣಗಿಸಿ, ಬ್ಲೇಡಿನಿಂದ ಕಿಟಕಿ ಕೊರೆಯುತ್ತೇನೆ. ಒಂದು ಬದಿಗೆ ಹನ್ನೊಂದು, ಹತ್ತಲ್ಲ, ಹನ್ನೆರಡಲ್ಲ. ನಿಜವಾದ ಬೋಗಿಗೆ ಎಷ್ಟಿರುತ್ತವೆಯೋ ನಾನರಿಯೆ, ಯಾದಗಿರಿಯಲ್ಲಿ ಅತ್ತೆ ಬಂದು ಎತ್ತಿಕೊಂಡಾಗ ನಾನು ಹನ್ನೊಂದಕ್ಕೆ ಬಂದಿದ್ದೆ. ಕಿಟಕಿಯ ಸರಳಿಗೆ ಕಸಬರಿಗೆಯ ಕಡ್ಡಿ. ಚಾವಣಿಯ ಬಾಗು ಬರಲು ಹಸಿ ರಟ್ಟನ್ನು ಸುಟ್ಟುಹೋದ ಟ್ಯೂಬ್‌ಲೈಟಿಗೆ ಸುತ್ತಿ ಕಟ್ಟುತ್ತೇನೆ. ಮಾಲುಗಾಡಿಯ ಡಬ್ಬಿಗಳಿಗೆ ಮಾತ್ರ ತಗಡೇ ಬೇಕು, ಅದಕ್ಕೆ ಬಸ್ ನಿಲ್ದಾಣದ ಹಿಂದಿನ ಮಹಿಬೂಬ್ ಸಾಹೇಬರಿದ್ದಾರೆ. ಎಣ್ಣೆಡಬ್ಬಿ ಕತ್ತರಿಸಿ ಕೊಳವೆ, ಲಾಳಿಕೆ ಮಾಡುವ ಅವರು ನನ್ನ ವ್ಯಾಗನ್ನುಗಳನ್ನೂ ಅಷ್ಟೇ ಶ್ರದ್ಧೆಯಿಂದ ಬೆಸುಗೆ ಹಾಕುತ್ತಾರೆ. ಪ್ರತಿ ಸಲ ನೀರು ತುಂಬಿ, ಎತ್ತಿ ಹಿಡಿದು, ಎಲ್ಲೂ ಸೋರುವುದಿಲ್ಲ ಎಂದು ತೋರಿಸಿಯೇ ಕೊಡುತ್ತಾರೆ. ಕಲ್ಲಿದ್ದಲಿನ ವ್ಯಾಗನ್ನು ಸೋರಿದರೂ ನಡೆಯುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರ ಮನಸ್ಸು ಒಪ್ಪುವುದಿಲ್ಲ.

ಶಾಂತಾಳ ಕಾನೂನು ಒಂದಿದೆ. ಟೀವಿ ಕಪಾಟಿನ ಮೇಲಿನ ಹಲಗೆ ನನ್ನದು, ಅದರಾಚೆ ಒಂದು ಅಂಗುಲವೂ ಇಲ್ಲ. ಅಲ್ಲಿ ಹದಿಮೂರು ಬೋಗಿ ಹಿಡಿಯುತ್ತವೆ. ಹದಿನಾಲ್ಕನೆಯದು ಬಂದರೆ ಒಂದು ಗುಜರಿಗೆ ಹೋಗಬೇಕು. ಕಟ್ಟಿದ್ದನ್ನು ಗುಜರಿಗೆ ಕೊಡುವ ಧೈರ್ಯ ನನಗಿಲ್ಲ, ಹೊಸ ಗಾಡಿಯ ಆಸೆಯೂ ಬಿಡದು. ಹಾಗಾಗಿ ಇದ್ದವುಗಳನ್ನೇ ಹೆರೆದು ಬೇರೆ ಬಣ್ಣ ಬಳಿದು ಬೇರೆ ಗಾಡಿ ಅನ್ನುತ್ತೇನೆ. ಇಟ್ಟಿಗೆ ಬಣ್ಣದ ಗಾಡಿ ನೀಲಿಯಾಯಿತು, ನೀಲಿ ಮತ್ತೆ ಇಟ್ಟಿಗೆಯಾಯಿತು, ಇಟ್ಟಿಗೆ ಕೆಂಪು-ಬೂದಾಯಿತು, ಈಗ ಮತ್ತೆ ಮನಸ್ಸು ಕೆಟ್ಟು ಇಟ್ಟಿಗೆ ಬಣ್ಣಕ್ಕೇ ಬರುತ್ತಿದೆ. ಹೆರೆಯಲು ಬೇಸರ ಬಂದಾಗ ಮೇಲೆ ಮೇಲೆಯೇ ಬಳಿದು, ಕಿಟಕಿಗಳೆಲ್ಲ ಮೆತ್ತಿಕೊಂಡು ಇರುವೆಗೂ ತಲೆ ತೂರದಂತಾಗಿದ್ದೂ ಉಂಟು. ಒಮ್ಮೆ ಮೇಲ್ದರ್ಜೆಯ ಬೋಗಿಗೆ ಪರದೆ ಬೇಕಾಗಿ ಪೆಟ್ಟಿಗೆಯಲ್ಲಿದ್ದ ಹಸಿರು ಬಟ್ಟೆಯ ತುಂಡೊಂದನ್ನು ಕತ್ತರಿಸಿದೆ. ಅದು ಅವಳ ತವರಿನಲ್ಲಿ ಉಡಿ ತುಂಬಿದ ಕುಪ್ಪಸದ ಕಣ. ಎರಡು ದಿನ ಅವಳು ಮಾತಾಡಲಿಲ್ಲ. ಮೂರನೆಯ ದಿನ ಬೋಗಿ ಎತ್ತಿ ನೋಡಿ, ಪರದೆ ಚೆಂದ ಕಾಣುತ್ತವೆ, ಆದರೆ ನೆರಿಗೆ ಸರಿಯಾಗಿ ಹಿಡಿದಿಲ್ಲ ಎಂದಳು. ಆಮೇಲೆ ಕೂತು ತಾನೇ ಹಿಡಿದುಕೊಟ್ಟಳು.

ಇಟ್ಟಿಗೆ ಬಣ್ಣದ ಗುಟ್ಟು ಹೇಳಿಬಿಡುತ್ತೇನೆ. ಆ ಹಳೆಯ ರೈಲಿನ ಕೆಂಪು ಯಾವ ಅಂಗಡಿಯ ಡಬ್ಬಿಯಲ್ಲೂ ಸಿಗುವುದಿಲ್ಲ. ಒಂದು ತೀರಾ ಕುಂಕುಮ, ಒಂದು ತೀರಾ ಕಂದು. ಅದು ಸಿಗುವುದು ಕಿರಾಣಿ ಅಂಗಡಿಯ ಹುರಮಂಜಿನಲ್ಲಿ, ಅಂದರೆ ಕಾರಹುಣ್ಣಿಮೆಗೆ ಎತ್ತುಗಳ ಮೈಗೆ ಹಚ್ಚುವ ಕೆಂಪು ಪುಡಿಯಲ್ಲಿ. ನೀರಲ್ಲಿ ಕಲಸಿ ಹಚ್ಚಿದರೆ ಒಣಗಿದ ಮೇಲೆ ಕೈಗೆ ಬರುತ್ತದೆ. ಜಾಲಿಯ ಅಂಟು ನೆನೆಹಾಕಿ ಬೆರೆಸಿದರೆ ಉಗುರು ಹಾಕಿದರೂ ಬರುವುದಿಲ್ಲ. ಇದನ್ನು ಕಂಡುಹಿಡಿದ ದಿನ ನಾನು ಬೀಗಿದ್ದಕ್ಕೆ ಲೆಕ್ಕವಿಲ್ಲ.

ಬೀಗಿದರೇನು, ಬಳಿಚಕ್ರದ ಮಾವ ಸಿದ್ದಪ್ಪನವರ ಮುಂದೆ ನಡೆಯಬೇಕಲ್ಲ. ಮದುವೆಯಾದ ವರ್ಷವೇ ಅವರು ಶಹಾಪುರಕ್ಕೆ ಬಂದಾಗ ನನ್ನ ಮೊದಲ ತಗಡಿನ ವ್ಯಾಗನ್ನನ್ನು ಅವರ ಅಂಗೈ ಮೇಲಿಟ್ಟಿದ್ದೆ. ಅವರು ತಿರುಗಿಸಿ, ಬುಡ ನೋಡಿ, ಒಳಗೆ ಬೆರಳು ಹಾಕಿ, ಬಹಳ ಮರ್ಯಾದೆಯಿಂದಲೇ ಕೇಳಿದರು:

“ಅಳಿಯಂದಿರ, ಇದರಾಗ ಎಷ್ಟು ಚೀಲ ಹಿಡಿತಾವ್ರಿ?”

ಅಣಕಕ್ಕೆ ಕೇಳಿದ್ದಲ್ಲ, ಅದೇ ನನಗೆ ಚುಚ್ಚಿದ್ದು. ಅವರ ಲೋಕದಲ್ಲಿ ಗಾಲಿ ಇದ್ದದ್ದು ಏನಾದರೂ ಹೊರಬೇಕು. ನಾನು ಇದು ಹಾಗೆಯೇ ನೋಡಲಿಕ್ಕೆ ಎಂದೆ. ಅವರು “ಹೌದ್ರಿ?” ಎಂದು ವ್ಯಾಗನ್ನನ್ನು ನೆಲದ ಮೇಲಿಟ್ಟು ಎಲೆ-ಅಡಿಕೆ ಚೀಲ ಬಿಚ್ಚಿದರು. ಅಷ್ಟೇ. ಮುಂದಿನ ಇಪ್ಪತ್ತು ವರ್ಷ ನನ್ನ ಕೈಕೆಲಸದ ಬಗ್ಗೆ ಅವರು ಒಂದು ಮಾತು ಆಡಲಿಲ್ಲ. ಊರಲ್ಲಿ ಯಾರಾದರೂ ಅಳಿಯ ಏನು ಮಾಡುತ್ತಾರೆ ಎಂದರೆ ಬಸ್ಸು ಬಿಡುತ್ತಾರೆ ಎನ್ನುವರು. ರೈಲಿನ ಸುದ್ದಿ ಬಂದರೆ ಕೆಮ್ಮುವರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕೆಲಸ ಕೆಲಸವೇ ಎಂದು ಆ ಮನುಷ್ಯನ ಬಾಯಿಂದ ಒಂದು ಸಲ ಕೇಳಬೇಕು ಎಂಬ ಆಸೆ ನನಗೆ ಹಲ್ಲುನೋವಿನ ಹಾಗೆ ಇತ್ತು. ಶಾಂತಾಳಿಗೂ ಇತ್ತು, ಅವಳು ಹೇಳುತ್ತಿರಲಿಲ್ಲ ಅಷ್ಟೇ.

ಎರಡು ವರ್ಷದ ಹಿಂದಿನ ಕಾರಹುಣ್ಣಿಮೆಗೆ ನಾವು ಬಳಿಚಕ್ರಕ್ಕೆ ಹೋದಾಗ ಮಾವನ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಣವೆಯಿಂದ ಜಾರಿ ಬಿದ್ದಿದ್ದರು. ಕೈ ಮುರಿದದ್ದಕ್ಕಿಂತ ಎತ್ತಿಗೆ ಬಣ್ಣ ಯಾರು ಹಚ್ಚಬೇಕು ಎಂಬ ಚಿಂತೆ ಅವರಿಗೆ ದೊಡ್ಡದಾಗಿತ್ತು, ಯಾಕೆಂದರೆ ಬಿಳ್ಯಾನನ್ನು ಅವರು ಬೇರೆಯವರಿಗೆ ಮುಟ್ಟಲು ಬಿಟ್ಟವರಲ್ಲ. ಜೊತೆಗೆ ಇನ್ನೊಂದು ಸಂಕಟ. ಆ ಹಬ್ಬದ ಸಂಜೆ ಊರ ಹೆಬ್ಬಾಗಿಲಾದ ಅಗಸೆಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಊರ ಎತ್ತುಗಳನ್ನು ಓಡಿಸುತ್ತಾರೆ. ಮೊದಲು ಹಗ್ಗ ಹರಿದ ಎತ್ತೇ ಕರಿ ಹರಿದಂತೆ. ಅದು ಬಿಳಿ ಎತ್ತಾದರೆ ಆ ವರ್ಷ ಹತ್ತಿ, ಜೋಳದಂಥ ಬಿಳಿ ಬೆಳೆ ಕೈಹಿಡಿಯುತ್ತದೆ, ಕೆಂಪಾದರೆ ತೊಗರಿ. ಬಿಳ್ಯಾ ಏಳು ವರ್ಷದಿಂದ ಓಡುತ್ತಿದ್ದ, ಒಂದು ಸಲವೂ ಹರಿದಿರಲಿಲ್ಲ. ವಯಸ್ಸಾಯಿತು, ಇದೇ ಕಡೆಯ ಓಟ ಎಂದು ಮಾವ ಊರಿಗೆಲ್ಲ ಹೇಳಿಬಿಟ್ಟಿದ್ದರು.

ಶಾಂತಾ ಅಪ್ಪನ ಮುಂದೆ ನಿಂತು, ಮನೆಯಲ್ಲಿ ಬಣ್ಣ ಹಚ್ಚುವವರು ಇರುವಾಗ ಹೊರಗಿನವರು ಯಾಕೆ ಎಂದಳು. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೇರೆ ದಾರಿ ಇರಲಿಲ್ಲ.

“ಕೊಂಬಿಗೆ ಬಣ್ಣ ಹಚ್ರಿ. ಮೈಮ್ಯಾಲ ನಾಕು ಚಿಕ್ಕಿ ಇಡ್ರಿ, ಸಾಕು,” ಎಂದರು. ಆಮೇಲೆ ಕಡಬು ಉಂಡು, ಪ್ಲಾಸ್ಟರಿನ ಕೈ ಎದೆಯ ಮೇಲಿಟ್ಟುಕೊಂಡು ಮಲಗಿದರು.

ನಾಲ್ಕು ಚಿಕ್ಕಿ, ಅಂದರೆ ನಾಲ್ಕು ಬೊಟ್ಟು, ಇಟ್ಟು ನಿಲ್ಲಿಸಬೇಕು ಎಂದೇ ಶುರುಮಾಡಿದೆ, ದೇವರಾಣೆ. ನನ್ನ ಬ್ರಷ್ಷಿನ ಡಬ್ಬಿ ಜೋಳಿಗೆಯಲ್ಲಿತ್ತು, ಅದನ್ನು ಬಿಟ್ಟು ನಾನೆಲ್ಲಿಗೂ ಹೋಗುವುದಿಲ್ಲ. ಚಿಕ್ಕಿ ಕರಗಬಾರದು ಎಂದು ಹುರಮಂಜಿಗೆ ಜಾಲಿಯ ಅಂಟು ಬೆರೆಸಿದೆ. ಕೊಂಬು ಮುಗಿಯಿತು. ಚಿಕ್ಕಿ ಇಡಲು ಪಕ್ಕೆಯ ಮುಂದೆ ಕೂತೆ ನೋಡಿ, ಅಲ್ಲೇ ಎಡವಟ್ಟಾಯಿತು. ಇಪ್ಪತ್ತು ವರ್ಷ ಗೇಣುದ್ದದ ರಟ್ಟಿನ ಮೇಲೆ ಕಣ್ಣು ಕಿರಿದು ಮಾಡಿ ಬಳಿದವನ ಮುಂದೆ ಒಂದು ಮಾರು ಉದ್ದದ, ಬೆಳ್ಳಗಿನ, ನುಣ್ಣಗಿನ, ಹದವಾಗಿ ಬಾಗಿದ ಮೈ. ಹೆರೆಯುವ ಕೆಲಸವಿಲ್ಲ, ಅಡಿಬಣ್ಣ ಬೇಕಿಲ್ಲ. ಚಿಕ್ಕಿ ಚಿಕ್ಕಿಯಾಗಿ ಉಳಿಯಲಿಲ್ಲ. ಕರೆಂಟಿನ ಟೇಪು ಅಂಟಿಸಿ ಕಿಟಕಿಗಳ ಜಾಗ ಬಿಳಿಯಾಗಿ ಉಳಿಸಿಕೊಂಡು ಸುತ್ತಲೂ ಇಟ್ಟಿಗೆ ಬಣ್ಣ ತುಂಬಿದೆ. ಹನ್ನೊಂದು ಕಿಟಕಿ, ಅಳತೆ ಕೂದಲಷ್ಟೂ ಆಚೀಚೆ ಇಲ್ಲ. ಕೆಳಗೆ ಅರಿಶಿನದ ಪಟ್ಟಿ. ಬಿಳ್ಯಾ ಮೆಲುಕು ಹಾಕುತ್ತ ನಿಂತಿದ್ದ. ನನ್ನ ಕೆಲಸಕ್ಕೆ ಅಷ್ಟು ತಾಳ್ಮೆಯಿಂದ ಸಹಕರಿಸಿದವರು ಇನ್ನೊಬ್ಬರಿಲ್ಲ. ಟೇಪು ಕೀಳುವಾಗ ಮಾತ್ರ ಒಮ್ಮೆ ಹಾರಿದ. ಎರಡೂ ಬದಿ ಮುಗಿದ ಮೇಲೆ ಕೈ ಸುಮ್ಮನಿರದೆ ತೊಡೆಯ ಮೇಲೆ, ಬೋಗಿಗಳ ಮೇಲಿರುವಂತೆ, ‘ಕೂಡಲು ೯೦’ ಎಂದೂ ಬರೆದೆ.

ಮಾವ ಎದ್ದು ಬಂದರು. ನಿಂತರು. ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಹೋಗಿ ನೋಡಿದರು. ಆಮೇಲೆ ಒಂದೇ ಶಬ್ದ ಆಡಿದರು: “ತೊಳೀರಿ.”

ಕೊಡಗಟ್ಟಲೆ ನೀರು ಸುರಿದೆ. ತೆಂಗಿನ ನಾರಿನಿಂದ ತಿಕ್ಕಿದೆ. ಶಾಂತಾ ಸೋಪಿನ ಪುಡಿ ತಂದಳು. ಜಾಲಿಯ ಅಂಟು ಬಿಡಬೇಕಲ್ಲ. ತಿಕ್ಕಿದಷ್ಟೂ ಬೋಗಿ ಹೊಳೆಯತೊಡಗಿತು. ಅಗಸೆಯಲ್ಲಿ ಹಲಗೆ ಬಾರಿಸುವ ಸದ್ದು ಶುರುವಾಗಿತ್ತು. ಶಾಂತಾಳ ಮುಖ ಬಿಳುಚಿಕೊಂಡಿತ್ತು. ತವರೂರಿನ ಮುಂದೆ ಅಪ್ಪನ ಮಾನ ಹೋದರೆ ಅದು ತನ್ನ ಮಾತಿನಿಂದಲೇ ಹೋದದ್ದು ಎಂದು ಅವಳು ಅಳುವಂತಾಗಿದ್ದಳು. ನಾನಂತೂ ಮಣ್ಣಿಗಿಂತ ಕಡೆಯಾಗಿದ್ದೆ. ಮಾವ ಎಡಗೈಯಲ್ಲಿ ಹಗ್ಗ ಹಿಡಿದು ಎತ್ತನ್ನು ಹೊಡೆದುಕೊಂಡು ಹೊರಟರು.

ಜನ ನೋಡಿದ್ದೇ ನೋಡಿದ್ದು. ಒಬ್ಬ ತೊಡೆಯ ಮೇಲಿನದನ್ನು ಓದಿ, ತೊಂಬತ್ತು ಮಂದಿ ಎಲ್ಲಿ ಕೂಡಬೇಕು ಎಂದು ಕೇಳಿದ. ಇನ್ನೊಬ್ಬ, ಕಲಬುರಗಿಗೆ ನಿಲ್ಲುತ್ತದೆಯೇ ಎಂದ. ನಾನು ಕಟ್ಟೆಯ ಹಿಂದೆ ಅಡಗಿ ನಿಂತೆ. ಎತ್ತುಗಳನ್ನು ಬಿಟ್ಟರು. ಬಿಳ್ಯಾ ಯಾವತ್ತೂ ನಡುವಿನಲ್ಲಿ ಗಂಭೀರವಾಗಿ ಓಡುವವನು, ಆ ದಿನ ಬಾಣದ ಹಾಗೆ ಹೊರಟ. ಎರಡು ನೆಗೆತಕ್ಕೆ ಎಲ್ಲರನ್ನೂ ಹಿಂದೆ ಹಾಕಿ ಹಗ್ಗ ಪಟಾರನೆ ಹರಿದು ಊರಾಚೆಯ ಹೊಲ ಸೇರಿದ. ಕಾರಣ ನನಗೆ ಗೊತ್ತು, ನಿಮಗಷ್ಟೇ ಹೇಳುತ್ತೇನೆ: ತೊಳೆದ ಮೇಲೆ ಬಿಸಿಲಿಗೆ ಅಂಟು ಮತ್ತೆ ಬಿಗಿದು ಮೈಯೆಲ್ಲ ಜಗ್ಗುತ್ತಿತ್ತು. ಇದನ್ನು ಮಾವನಿಗೆ ಇವತ್ತಿನವರೆಗೂ ಹೇಳಿಲ್ಲ, ಹೇಳುವ ಯೋಚನೆಯೂ ಇಲ್ಲ.

ಕೂಗಾಟ ಎದ್ದಿತು. ಆದರೆ ಗೆದ್ದ ಸಂತೋಷದ್ದಲ್ಲ, ಜಗಳದ್ದು. ಹತ್ತಿ ಬಿತ್ತಬೇಕೆಂದಿದ್ದವರು ಬಿಳಿ ಎತ್ತು ಹರಿಯಿತು ಎಂದರು. ತೊಗರಿಯವರು ಕಣ್ಣಿಗೆ ಕಂಡದ್ದು ಕೆಂಪು, ಅದೇ ಖರೆ ಎಂದರು. ಹುಟ್ಟು ಬಣ್ಣವೋ ಹಬ್ಬದ ಬಣ್ಣವೋ? ಹಿರಿಯರಾದ ಹಣಮಂತ್ರಾಯ ಗೌಡರು ಕಟ್ಟೆಯ ಮೇಲೆ ಕೂತು ಎರಡೂ ಕಡೆ ಕೇಳಿ ತಲೆ ಕೆಡಿಸಿಕೊಂಡರು. ಮೂರನೆಯ ಗುಂಪೊಂದು ಹುಟ್ಟಿ, ಇದು ಎತ್ತೋ ರೈಲೋ ಗೊತ್ತಾಗದ ಕಾರಣ ಈ ಸಲದ ಕರಿಯೇ ಲೆಕ್ಕಕ್ಕಿಲ್ಲ, ಮತ್ತೆ ಓಡಿಸಬೇಕು ಎಂದಿತು. ಏಳು ವರ್ಷ ಕಾದ ಗೆಲುವು ನನ್ನ ಬ್ರಷ್ಷಿನಿಂದ ಹೋಗುವುದರಲ್ಲಿತ್ತು. ಕೊನೆಗೆ ಗೌಡರು ಮಾವನನ್ನೇ ಕರೆದು, ಇದಕ್ಕೆ ನೀನೇನು ಹೇಳುತ್ತಿ ಎಂದು ಕೇಳಿದರು.

ಮಾವ ಸಲೀಸಾಗಿ ಹೇಳಬಹುದಿತ್ತು, ನಾನು ಮಲಗಿದ್ದೆ, ಈ ಹುಚ್ಚ ಅಳಿಯ ಬಳಿದುಬಿಟ್ಟ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು. ನಾನು ಅದನ್ನೇ ಕಾಯುತ್ತಿದ್ದೆ, ಹಾಗೆ ಅಂದರೂ ನ್ಯಾಯವೇ ಆಗಿತ್ತು. ಮಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

“ಎತ್ತು ನಂದು ಗೌಡ್ರ, ಬಣ್ಣದ ಕೆಲಸ ನಮ್ಮ ಅಳಿಯಂದು. ಎರಡೂ ಕೂಡೇ ಓಡ್ಯಾವ. ಬಿಳೀನೂ ಅನ್ರಿ, ಕೆಂಪೂ ಅನ್ರಿ.”

ಕೆಲಸ ಅಂದರು. ನಾನು ಸರಿಯಾಗಿಯೇ ಕೇಳಿಸಿಕೊಂಡೆ. ಶಾಂತಾಳ ಕಡೆ ನೋಡಿದರೆ ಅವಳು ಆಗಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಗೌಡರು ಗಹಗಹಿಸಿ ನಕ್ಕು, ಹಾಗಾದರೆ ಹತ್ತಿಯನ್ನೂ ಬಿತ್ತಿ ನಡುನಡುವೆ ತೊಗರಿಯ ಸಾಲೂ ಹಾಕಿ ಎಂದು ತೀರ್ಪು ಕೊಟ್ಟರು. ಊರವರು ಪ್ರತಿ ವರ್ಷ ಮಾಡುವುದೂ ಅದನ್ನೇ. ಎಲ್ಲರಿಗೂ ಸಮಾಧಾನವಾಯಿತು.

ಬಿಳ್ಯಾನ ಬಣ್ಣ ಒಂದು ತಿಂಗಳು ಹೋಗಲಿಲ್ಲ. ಶಹಾಪುರಕ್ಕೆ ಬಂದು ಅದೇ ಬ್ರಷ್ಷಿನಿಂದ ಮೂರನೇ ಬೋಗಿಗೆ ಇಟ್ಟಿಗೆ ಬಣ್ಣ ಬಳಿದೆ, ಅದಕ್ಕೆ ಅಂಟಿಕೊಂಡು ಬಂದಿದ್ದ ಅವನ ಕೂದಲೇ ಮೊನ್ನೆ ಬ್ಲೇಡಿಗೆ ಸಿಕ್ಕದ್ದು. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಾವ ನಮ್ಮಿಬ್ಬರನ್ನೂ ಬರಹೇಳಿದರು. ಆ ಹಬ್ಬಕ್ಕೆ ನನ್ನನ್ನು ಕರೆದದ್ದು ಅದೇ ಮೊದಲು. ಜಗುಲಿಯ ಮೇಲೆ ಜೋಡಿ ಮಣ್ಣಿನೆತ್ತು ಕೂತಿದ್ದವು. ಪ್ರತಿ ವರ್ಷ ಮಾವನೇ ಮಾಡುವವರು. ಈ ಸಲ ಎಡಗೈಯಲ್ಲೇ ಮಾಡಿದ್ದರಿಂದ ಒಂದರ ಮೂತಿ ಸ್ವಲ್ಪ ಸೊಟ್ಟಗಿತ್ತು. ಹತ್ತಿರ ಹೋದೆ. ಸೊಟ್ಟ ಮೂತಿಯ ಎತ್ತಿನ ಪಕ್ಕೆಗೆ ಹುರಮಂಜು ಬಳಿದಿತ್ತು. ಅದರ ಮೇಲೆ ಸುಣ್ಣದಲ್ಲಿ ಸಾಲಾಗಿ ಬೊಟ್ಟು ಇಟ್ಟಿತ್ತು. ಚೌಕ ಮಾಡಲು ಹೋಗಿ ಉರುಟಾದ ಬೊಟ್ಟುಗಳು.

ಮಾವ ಹಿಂದಿನಿಂದ ಬಂದು ನಿಂತರು. “ಎಣಿಸ್ರಿ ಅಳಿಯಂದಿರ. ಸರಿ ಅದಾವೇನು ನೋಡ್ರಿ.”

ಎಣಿಸಿದೆ. ಹತ್ತಿದ್ದವು. ಬಸ್ಸಿನ ಕಿಟಕಿ ಒಂದು ಕಡಿಮೆಯಿದ್ದರೂ ಡಿಪೋಗೆ ಚೀಟಿ ಬರೆಯುವ ಮನುಷ್ಯ ನಾನು. ಆದರೂ ಸರಿಯಾಗಿವೆ ಎಂದುಬಿಟ್ಟೆ.

“ಸುಳ್ಳ ಹೇಳಬ್ಯಾಡ್ರಿ. ದಿನಾ ಬಿಳ್ಯಾನ ಮೈ ತಿಕ್ಕತೀನಿ, ಹನ್ನೊಂದು ಅದಾವ. ಕಡೀದು ನಿಮಗ ಬಿಟ್ಟೀನಿ,” ಎಂದು ಮಾವ ಸುಣ್ಣದ ಬಟ್ಟಲು ನನ್ನ ಕಡೆ ಚಾಚಿದರು.

ಬೆರಳು ಅದ್ದಿ ಹನ್ನೊಂದನೆಯ ಕಿಟಕಿ ಇಟ್ಟೆ. ಇಷ್ಟು ವರ್ಷದಲ್ಲಿ ಅಷ್ಟು ಸೊಟ್ಟ ಕಿಟಕಿ ನಾನು ಯಾವ ಬೋಗಿಗೂ ಇಟ್ಟಿಲ್ಲ.